ಎರಡು ಸಲ ಹಾರ್ನ್

ಇದನ್ನು ಕೇಳಿ ಯಾರೂ ನನಗೆ ತಾಯತ ತರಬೇಡಿ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನಮ್ಮನೆಯವರು ಚಂದ್ರಾಮಪ್ಪ ತೀರಿಕೊಂಡು ವರ್ಷವಾಗಿತ್ತು. ಅವರ ಬೈಕು ಮಹದೇವಪುರದ ನಮ್ಮ ಬಾಡಿಗೆ ಕೋಣೆಯ ಮುಂದೆ ನಿಂತೇ ಇತ್ತು. ಸಂಜೆ ಅವರು ಬಾಗಿಲಿಗೆ ಬಂದು ಎರಡು ಸಲ ಹಾರ್ನ್ ಹೊಡೆದರೆ ನಾನು ರೊಟ್ಟಿಗೆ ಒಲೆಯ ಮೇಲೆ ಹಂಚಿಡುತ್ತಿದ್ದೆ. ಆ ಸದ್ದು ಇನ್ನೊಮ್ಮೆ ಕೇಳಬೇಕೆನಿಸಿ, ಬ್ಯಾಟರಿ ಬಿಚ್ಚಿಸಿ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಹತ್ತಿರದ ಬ್ಯಾಟರಿ ಅಂಗಡಿಗೆ ಒಯ್ದೆ.

“ಸತ್ತೈತ್ರಿ ಇದು,” ಅಂದೆ.

“ಹಂಗನ್ಬೇಡಿ ಅಕ್ಕ, ಡೌನ್ ಆಗಿದೆ ಅನ್ನಿ,” ಎಂದ ಅಂಗಡಿಯವನು. “ಆ ದೊಡ್ಡ ಚಾರ್ಜರ್ ಕಾರಿಗೆ. ಬೈಕಿಗೆ ಈ ಸಣ್ಣದು ತಗೊಳ್ಳಿ. ನಿಧಾನಕ್ಕೆ ಜೀವ ಬರತ್ತೆ.”

ಮನೆಗೆ ಬಂದು ಬ್ಯಾಟರಿಯನ್ನು ನೆಲದ ಮೇಲಿಟ್ಟು ಚಾರ್ಜಿಗೆ ಹಾಕಿದೆ. ಕೆಂಪು ದೀಪ ಹತ್ತಿತು. ಸಂಜೆ ಹೊರಗೆ ಎರಡು ಸಲ ಹಾರ್ನ್ ಕೇಳಿಸಿತು. ಕೈ ತಾನಾಗಿ ಹಂಚಿಟ್ಟಿತು. ಆಮೇಲೆ ನೋಡಿದರೆ ಬ್ಯಾಟರಿ ನನ್ನ ಕಾಲ ಬಳಿಯೇ ಇದೆ. ಹೊರಗೆ ಯಾರೂ ಇರಲಿಲ್ಲ. ದಿನವಿಡೀ ನೆರಳಲ್ಲಿದ್ದ ಬೈಕಿನ ಸೀಟು ಮಾತ್ರ ಬೆಚ್ಚಗಿತ್ತು.

ಚಾರ್ಜರಿನ ದೀಪ ಹಸಿರಾಗಿ ನಾಲ್ಕು ತಿಂಗಳಾಯಿತು. ಬ್ಯಾಟರಿಯನ್ನು ನಾನು ಗಾಡಿಗೆ ಹಾಕಿಸಿಲ್ಲ. ಹಾಕಿಸಿದರೆ ಹಾರ್ನನ್ನು ಯಾರು ಬೇಕಾದರೂ ಹೊಡೆಯಬಹುದು. ಈಗ ಹೊಡೆಯುವವರು ಒಬ್ಬರೇ.