ಪದಬಂಧಕಾರನ ಮರೆವು

"ಲಾಯರಮ್ಮ, ನಿನ್ನೆ 'ಏಣಿ' ಅನ್ನೋ ಪದಕ್ಕೆ ಇಡೀ ಬೆಳಿಗ್ಗೆ ತಡಕಾಡಿದೆ. ಕಣ್ಣೆದುರಿಗೆ ಏಣಿ ಇದೆ, ಬಾಯಿಗೆ ಮಾತ್ರ ಬರ್ತಿಲ್ಲ."

ವಕೀಲಿಕೆ ಬಿಟ್ಟ ಮೇಲೂ ಬಿಡಿಸಲಾಗದ ಗಂಟುಗಳೆಲ್ಲ ಲಾಯರಮ್ಮನ ಬಾಗಿಲಿಗೇ ಬರುತ್ತಿದ್ದವು. ಅವರ ಹಳೆಯ ಗುಮಾಸ್ತನಾದ ನಾನು ಎಂದಿನಂತೆ ಪಕ್ಕದಲ್ಲೇ ಕೂತಿದ್ದೆ. ಬಂದಿದ್ದವನು ಪತ್ರಿಕೆಗೆ ಪದಬಂಧ ರಚಿಸುವವನು. ಹತ್ತನೆಯ ವಯಸ್ಸಿನಿಂದ ಅವನಿಗೆ ಮೂರ್ಛೆರೋಗವಿತ್ತು. ಜೊತೆಗೆ ಬಂದಿದ್ದ ಅಕ್ಕ ಅವನ ಹಣೆಯ ಬೆವರು ಒರೆಸಿದಳು.

"ಉಪಸಂಪಾದಕ ನನ್ನ ಅಂಕಣದ ಮೇಲೆ ಕಣ್ಣಿಟ್ಟಿದಾನೆ. ಕ್ಯಾಂಟೀನಿನಲ್ಲಿ ನನಗೆ ಏನೋ ಬೆರೆಸ್ತಿದಾನೆ ಅಂತ ಅನುಮಾನ," ಎಂದ.

"ಫಿಟ್ಸ್ ಬಂದವರ ಮಿದುಳು ಸವೆಯುತ್ತಂತೆ, ಪಾಪ," ಎಂದಳು ಅಕ್ಕ. "ಮೂರು ವರ್ಷದಿಂದ ಬರದ ಫಿಟ್ಸು, ಮೊನ್ನೆ ಸ್ನೇಹಿತನ ಊರಿಗೆ ಹೋದಾಗ ಬಂತು. ಇಂಥವನು ಆಫೀಸಿನ ಹತ್ತಿರ ಒಬ್ಬನೇ ಮನೆ ಮಾಡ್ತೀನಿ ಅಂತಾನೆ!"

"ಆ ಊರಲ್ಲಿ ತಲೆ ಹೇಗಿತ್ತಪ್ಪ?" ಎಂದು ಲಾಯರಮ್ಮ ಅವನನ್ನೇ ಕೇಳಿದರು.

"ಮೊದಲು ಹೀಗೇ ಇತ್ತು. ಎರಡನೇ ವಾರ ಪದಗಳು ಬಂದ್ವು. ಆಮೇಲೆ ಫಿಟ್ಸ್. ವಾಪಸು ಬಂದ್ಮೇಲೆ ರಜೆ ಹಾಕಿ ಮನೇಲೇ ಇದೀನಿ. ಮತ್ತೆ ಮಂಕು."

ಮರುದಿನ ಅವರ ಮನೆಗೆ ಹೋದೆವು. ಅಕ್ಕ ನಮಗೆ ಒಂದೇ ಕೆಟಲಿನಿಂದ ಚಹಾ ಬಗ್ಗಿಸಿದಳು. ತಮ್ಮನ ಲೋಟ ಮಾತ್ರ ಒಳಗಿನಿಂದ ತುಂಬಿಕೊಂಡೇ ಬಂತು. ಅವನು ಸಕ್ಕರೆ ಕೇಳಿದ. "ಈಚೆಗೆ ಎಲ್ಲ ಕಹಿ ಅನ್ಸುತ್ತೆ."

ಅಲ್ಲಿಂದ ಲಾಯರಮ್ಮ ನೇರವಾಗಿ ಅವನ ಡಾಕ್ಟರ ಬಳಿ ಹೋಗಿ, ಮೂರ್ಛೆರೋಗದವರ ಬುದ್ಧಿ ಏಕೆ ಮಂಕಾಗುತ್ತದೆ ಎಂದು ಕೇಳಿದರು.

"ರೋಗ ತೀರಾ ಎಳೆತನದಲ್ಲಿ ಶುರುವಾದರೆ, ಫಿಟ್ಸ್ ಪದೇಪದೇ ಬಂದರೆ, ಮನಸ್ಸು ಕುಗ್ಗಿದರೆ, ನಿದ್ದೆ ಕೆಟ್ಟರೆ. ಕೆಲವು ಮಾತ್ರೆಗಳೂ ಕಾರಣ. ಇವನು ಚೆನ್ನಾಗಿ ಓದಿದವನು, ಫಿಟ್ಸೂ ಹತೋಟಿಗೆ ಬಂದಿತ್ತು. ಈಗಿನ ಮಾತ್ರೆ ಇಷ್ಟು ಮಂಪರು ತರಲ್ಲ."

"ಹಾಗಾದ್ರೆ ಒಂದು ರಕ್ತಪರೀಕ್ಷೆ ಮಾಡಿಸಿ," ಎಂದರು ಲಾಯರಮ್ಮ.

ವಾರದ ನಂತರ ಡಾಕ್ಟರು, ಉಪಸಂಪಾದಕ, ಅಕ್ಕ, ತಮ್ಮ ಎಲ್ಲರೂ ಲಾಯರಮ್ಮನ ಕೋಣೆಯಲ್ಲಿ ಸೇರಿದರು.

"ಅಂಕಣದ ಆಸೆ ಈ ಹುಡುಗನಿಗೆ ಇದ್ದದ್ದು ನಿಜ," ಎಂದು ಲಾಯರಮ್ಮ ಉಪಸಂಪಾದಕನತ್ತ ನೋಡಿದರು. ಅವನು ತಲೆ ತಗ್ಗಿಸಿದ. "ಆದರೆ ರಜೆಯಲ್ಲಿ ಮನೇಲಿದ್ದಾಗಲೂ ಮಂಕು ಬಂತು. ಅಂದಮೇಲೆ ಕ್ಯಾಂಟೀನಿನ ಮಾತೇ ಇಲ್ಲ. ರೋಗವೇ ಮಿದುಳು ತಿಂತಿದ್ರೆ ಪರವೂರಿನಲ್ಲಿ ಪದಗಳು ಯಾಕೆ ಮರಳಿದ್ವು? ಪದ ಮರಳಿದ ಬೆನ್ನಿಗೇ ಫಿಟ್ಸ್ ಯಾಕೆ ಬಂತು? ಡಾಕ್ಟರೇ, ಮಂಪರಿನ ಮಾತ್ರೆ ಥಟ್ಟನೆ ನಿಂತರೆ ಏನಾಗುತ್ತೆ?"

"ಫಿಟ್ಸ್ ಬರಬಹುದು," ಎಂದರು ಡಾಕ್ಟರು. "ಮಂಕು ಕವಿಸುತ್ತೆ ಅಂತ ನಾನು ವರ್ಷಗಳ ಹಿಂದೆಯೇ ಬಿಡಿಸಿದ್ದ ಹಳೇ ಮಾತ್ರೆ ಇವನ ರಕ್ತದಲ್ಲಿ ಸಿಕ್ಕಿದೆ."

"ಆ ಮಾತ್ರೆ ಕಹಿ. ಚಹಾದಲ್ಲಿ ಬೆರೆಸೋದಕ್ಕೇ ಬೇರೆ ಲೋಟ." ಲಾಯರಮ್ಮ ಅಕ್ಕನತ್ತ ತಿರುಗಿದರು. "ತಮ್ಮ ಬೇರೆ ಮನೆ ನೋಡಿದ ಮೇಲೇ ಇದೆಲ್ಲ ಶುರುವಾಯ್ತು, ಅಲ್ವೇನಮ್ಮ?"

ಅಕ್ಕ ತಮ್ಮನ ಕಡೆ ನೋಡಲಿಲ್ಲ. "ನಿನಗೋಸ್ಕರ ಮದುವೇನೇ ಬೇಡ ಅಂದೆ. ನಿದ್ದೆಯಲ್ಲೂ ನಿನ್ನ ಕಡೆ ಕಿವಿ ಇಟ್ಕೊಂಡು ಮಲಗ್ದೆ. ನೀನು ಹೊರಟುಹೋದ್ರೆ ನಾನು ಯಾರಿಗೆ ಬೇಕಾಗ್ತಿದ್ದೆ?" ಎಂದಳು.

"ನನಗೆ ಹುಚ್ಚು ಹಿಡೀತಿದೆ ಅಂತ ಅತ್ತೆನಲ್ಲ ಅಕ್ಕ, ಆಗ ಬೆನ್ನು ಸವರಿದೆಯಲ್ಲ!"

ಪೊಲೀಸರಿಗೆ ತಿಳಿಸಲೇ ಎಂದು ಲಾಯರಮ್ಮ ಕೇಳಿದರು. ತಮ್ಮ ಬೇಡವೆಂದು ತಲೆಯಾಡಿಸಿದ. ಮಾತ್ರೆಯನ್ನು ಹಂತಹಂತವಾಗಿ ಬಿಡಿಸಲು ಅವನನ್ನು ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವುದಾಗಿ ಡಾಕ್ಟರು ಹೇಳಿದರು.

"ಬಿದ್ದಾಗೆಲ್ಲ ಕಣ್ಣು ಬಿಟ್ರೆ ನಿನ್ನ ಮುಖಾನೇ ಕಾಣ್ತಿತ್ತು. ಅದನ್ನ ಕಂಡ ಮೇಲೇ ನಂಗೆ ಧೈರ್ಯ," ಎಂದ ಅವನು ಏಳುತ್ತ. "ಇನ್ಮೇಲೆ ಅದು ಕಂಡ್ರೆ ಭಯ ಆಗುತ್ತೆ."

ಅವನು ಹೊಸ್ತಿಲು ದಾಟುತ್ತಿದ್ದಂತೆ ಅಕ್ಕ ಅಭ್ಯಾಸಬಲದಿಂದ ಕೂಗಿದಳು, "ಮೆಟ್ಟಿಲು ನೋಡ್ಕೊಂಡು ಇಳಿಯೋ!"

ಅವನು ಕಂಬಿ ಹಿಡಿದುಕೊಂಡು, ತಿರುಗಿ ನೋಡದೆ ಇಳಿದುಹೋದ.