ಬುಧವಾರದ ಕುಶಲೋಪರಿ

ಸೋಮವಾರ ಬೆಳಗ್ಗೆ ಸರಿಯಾಗಿ ಏಳೂವರೆಗೆ, ಷಡಾಕ್ಷರಿಯ ಎಡಕಿವಿಯ ಹಿಂದೆ ಅಂಟಿಕೊಂಡಿದ್ದ ಅವರೆಕಾಳಿನ ಗಾತ್ರದ ಯಂತ್ರ ಮೆಲ್ಲಗೆ ಮಾತಾಡಿತು. "ಇವತ್ತು ಒಂಬತ್ತು ಅರ್ಜಿ. ಒಂದೊಂದಾಗಿ ಓದುತ್ತೇನೆ, ಒಪ್ಪಿಗೆ ಕೊಡಿ." ಷಡಾಕ್ಷರಿ ಎದ್ದು ಕೂತ. ಕೆಲಸ ಹೋದಂದಿನಿಂದ ಅವನನ್ನು ಎಂಟಕ್ಕೆ ಮೊದಲು ಎಬ್ಬಿಸುವುದು ಹೆಂಡತಿ ಸರ್ವಮಂಗಳಳ ಕೈಯಲ್ಲೂ ಆಗಿರಲಿಲ್ಲ.

ಯಂತ್ರದ ಹೆಸರು ವಾರಪಾಲಕ. ಕೆಲಸ ಹುಡುಕುವುದನ್ನೇ ಒಂದು ಕೆಲಸವನ್ನಾಗಿ ಮಾಡಿಕೊಡುವುದು ಅದರ ಕೆಲಸ. ಸೋಮವಾರ ಅರ್ಜಿ, ಮಂಗಳವಾರ ಹೊಸ ಕಲಿಕೆ, ಬುಧವಾರ ಪರಿಚಿತರ ಭೇಟಿ, ಗುರುವಾರ ಕಾರ್ಖಾನೆಗಳ ಬಾಗಿಲು ತಟ್ಟುವುದು, ಶುಕ್ರವಾರ ಸಂದರ್ಶನ ಅಥವಾ ಅದರ ತಾಲೀಮು, ಶನಿವಾರ ವಾರದ ತಪ್ಪು ಒಪ್ಪುಗಳ ವಿಚಾರಣೆ. ಭಾನುವಾರ ಅದೂ ಬಾಯಿ ಮುಚ್ಚಿಕೊಂಡಿರುತ್ತಿತ್ತು. ತುಮಕೂರಿನ ಬಟ್ಟೆ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷ ಬಣ್ಣ ಹೊಂದಿಸಿ, ಕೊನೆಗೆ ಆ ಕೆಲಸವನ್ನು ಯಂತ್ರಕ್ಕೆ ಬಿಟ್ಟುಕೊಟ್ಟು ಮನೆ ಸೇರಿದ್ದ ಷಡಾಕ್ಷರಿಗೆ ಇನ್ನೊಂದು ಯಂತ್ರದ ಮಾತು ಕೇಳುವುದೆಂದರೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ವಾರಕ್ಕೊಂದು ಆಕಾರ ಬಂದಂತೆ ಅವನ ಮುಖಕ್ಕೂ ಕಳೆ ಬಂತು.

ವಾರಪಾಲಕವನ್ನು ರೂಪಿಸಿದ ವಿಜ್ಞಾನಿ ಡಾಕ್ಟರ್ ಪದ್ಮಪ್ರಭಾ ಇದ್ದದ್ದು ಅದೇ ಊರಿನಲ್ಲಿ. ಯಂತ್ರ ಅಂಟಿಸಿಕೊಂಡ ದಿನವೇ ಅವನು ಅವರನ್ನು ಕೇಳಿದ್ದ.

"ಮೇಡಂ, ಬೇರೆ ದಿನ ಎಲ್ಲ ಸರಿ. ಬುಧವಾರ ಯಾಕೆ ಊರೋರ ಮನೆ ಸುತ್ತಬೇಕು? ಕೆಲಸ ಕೊಡ್ಸಿ ಅಂತ ಹಲ್ಲು ಗಿಂಜೋದು ನನ್ನ ಕೈಲಾಗಲ್ಲ."

"ಕೆಲಸದ ಮಾತೇ ಎತ್ತಬೇಡಿ ಷಡಾಕ್ಷರಿಯವ್ರೇ. ಹೋಗಿ, ಹೇಗಿದೀರಿ ಅಂತ ಕೇಳಿ, ಕಾಫಿ ಕುಡಿದು ಬನ್ನಿ. ಒಂದು ಜಾಗ ಖಾಲಿ ಇದೆ ಅಂತ ಜಾಹೀರಾತು ಬರೋ ಹೊತ್ತಿಗೆ ಸಾವಿರ ಜನ ಸಾಲಲ್ಲಿ ನಿಂತಿರ್ತಾರೆ. ಖಾಲಿ ಆಗೋ ಮೊದಲೇ ಗೊತ್ತಾಗ್ಬೇಕು. ನಾವು ಅದಕ್ಕೆ ತೆರವಿನ ಮುನ್ಸೂಚನೆ ಅಂತೀವಿ. ಯಾರು ಊರು ಬಿಡ್ತಾರೆ, ಯಾರಿಗೆ ಬಡ್ತಿ ಆಗುತ್ತೆ, ಅದೆಲ್ಲ ಮಾತಿನ ಮಧ್ಯೆ ಸಿಗುತ್ತೆ. ಕೇಳಿಸ್ಕೊಳ್ಳೋದು ಯಂತ್ರದ ಪಾಡು."

ಷಡಾಕ್ಷರಿಗೆ ಸಮಾಧಾನವಾಯಿತು. ಕುಶಲ ವಿಚಾರಿಸುವುದರಲ್ಲಿ ತಪ್ಪೇನಿದೆ?

ಬುಧವಾರದ ಮನೆಗಳಲ್ಲಿ ಅವನಿಗೆ ಪ್ರಿಯವಾದದ್ದು ಗೆಳೆಯ ಮೂಡಲಗಿರಿಯಪ್ಪನದು. ಕೆಲಸ ಹೋದ ಹೊಸದರಲ್ಲಿ ಷಡಾಕ್ಷರಿ ಬಾಗಿಲು ಹಾಕಿಕೊಂಡು ಮಲಗಿದ್ದಾಗ, ದಿನವೂ ಸಂಜೆ ಬಂದು ಬೈದು ಎಬ್ಬಿಸಿ ಕೆರೆ ಏರಿಯ ಮೇಲೆ ನಡೆಸಿಕೊಂಡು ಹೋದ ಪುಣ್ಯಾತ್ಮ ಅವನು. ಹುಣಸೆಹಣ್ಣಿನ ಶೀತಲಗೃಹದಲ್ಲಿ ದರ್ಜೆ ನೋಡುವುದು ಗಿರಿಯಪ್ಪನ ಕೆಲಸ. ಹಣ್ಣಿನ ಕೆಂಪು ಎಷ್ಟು, ಅದು ಕಪ್ಪಿಗೆ ತಿರುಗಲು ಎಷ್ಟು ದಿನ ಎಂದು ಬರಿಗಣ್ಣಿನಲ್ಲಿ ಅಳೆದು, ಯಾವ ಮೂಟೆ ಯಾವ ಕೋಣೆಗೆ ಎಂದು ಹೇಳಬೇಕು. ಎಲ್ಲವನ್ನೂ ಕಲಿತ ಯಂತ್ರಗಳು ಹುಣಸೆಯ ಮುಂದೆ ಮಾತ್ರ ಸೋತಿದ್ದವು.

ಮೂರನೆಯ ತಿಂಗಳ ಒಂದು ಬುಧವಾರ, ಹೇಗಿದೀಯೋ ಎಂದಾಗ ಗಿರಿಯಪ್ಪ ಒಳಮನೆಯ ಕಡೆ ನೋಡಿ ದನಿ ತಗ್ಗಿಸಿದ.

"ನಿಂಗೊಬ್ಬನಿಗೇ ಹೇಳ್ತಿರೋದು ಕಣೋ. ಕಣ್ಣು ಮಂಜಾಗ್ತಿದೆ, ಎರಡೂ. ನರ ಸೊರಗಿದೆಯಂತೆ, ಆಪರೇಷನ್ನೂ ಮಾಡಕ್ಕಾಗಲ್ವಂತೆ. ಮನೇಲಿ ಹೇಳಿಲ್ಲ. ಇನ್ನೆರಡು ವರ್ಷ ತಳ್ಳಿದ್ರೆ ಮಗಳ ಓದು ಮುಗಿಯುತ್ತೆ."

"ಮತ್ತೆ ಬಣ್ಣ ಹೆಂಗೋ ನೋಡ್ತೀಯ?"

"ಮೂಸ್ತೀನಿ, ಬೆರಳಲ್ಲಿ ಒತ್ತಿ ನೋಡ್ತೀನಿ. ಇವತ್ತಿನವರೆಗೂ ಒಂದು ಮೂಟೆ ತಪ್ಪಿಲ್ಲ!"

ಷಡಾಕ್ಷರಿ ಅವನ ಕೈ ಹಿಡಿದುಕೊಂಡ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟ. ಹೆಂಡತಿಗೂ ಹೇಳಲಿಲ್ಲ.

ಮುಂದಿನ ಸೋಮವಾರ ವಾರಪಾಲಕ ಎಂದಿನಂತೆ ಅರ್ಜಿಗಳನ್ನು ಓದಿತು. ನೂರಕ್ಕೂ ಹೆಚ್ಚು ಅರ್ಜಿ ಕೇಳಿ ಕೇಳಿ ಷಡಾಕ್ಷರಿಗೆ ಸಾಕುಸಾಕಾಗಿತ್ತು. ಗಡ್ಡದ ನೊರೆಯ ಒಳಗಿನಿಂದಲೇ "ಹೂಂ, ಕಳಿಸು" ಎನ್ನುತ್ತಿದ್ದ. ನಾಲ್ಕನೆಯ ಅರ್ಜಿಗೂ ಹೂಂ ಎಂದ. ಅದೊಂದಕ್ಕೆ ಕಿವಿಗೊಟ್ಟಿದ್ದರೆ ಎಂದು ಅವನು ಆಮೇಲೆ ಪಟ್ಟ ಸಂಕಟ ಹೇಳತೀರದು.

ಶುಕ್ರವಾರ ಹುಣಸೆ ಶೀತಲಗೃಹದಿಂದ ಸಂದರ್ಶನಕ್ಕೆ ಕರೆ ಬಂತು. ಅವನದು ಬಣ್ಣ ಬಲ್ಲ ಕಣ್ಣು. ಹತ್ತು ನಿಮಿಷದಲ್ಲಿ ಕೆಲಸ ಕೊಟ್ಟರು. ಅಲ್ಲಿ ದರ್ಜೆ ನೋಡುವವರು ಮೂವರಿದ್ದರು, ತಾನು ನಾಲ್ಕನೆಯವನೆಂದು ಅವನು ಹಿಗ್ಗಿದ. ಗಿರಿಯಪ್ಪನ ಪಕ್ಕದಲ್ಲೇ ಕೆಲಸ! ಮೊದಲೇ ಹೇಳದೆ ಎದುರಿಗೇ ಹೋಗಿ ನಿಲ್ಲೋಣವೆಂದು ಸೋಮವಾರ ಪೇಡಾ ಕಟ್ಟಿಸಿಕೊಂಡು ಹೋದ.

ಮೇಜಿನ ಮೇಲೆ ಗಿರಿಯಪ್ಪನ ಲೋಟವಿತ್ತು, ಗಿರಿಯಪ್ಪ ಇರಲಿಲ್ಲ.

"ಮೂಡಲಗಿರಿಯಪ್ಪ ಎಲ್ಲಿ ಸಾರ್?"

ವ್ಯವಸ್ಥಾಪಕರು ನಕ್ಕರು. "ನಿಮ್ಮ ಅರ್ಜೀಲಿ ನೀವೇ ಬರೆದಿದ್ರಲ್ಲ, ಹಾಲಿ ಇರೋ ಮೂಡಲಗಿರಿಯಪ್ಪನ ಕಣ್ಣು ಮಂಜಾಗ್ತಿದೆ, ಜಾಗ ಬೇಗ ತೆರವಾಗುತ್ತೆ ಅಂತ. ಪರೀಕ್ಷೆ ಮಾಡಿಸಿದ್ವಿ, ನಿಜಾನೇ. ಶನಿವಾರ ಕಳಿಸಿಕೊಟ್ವಿ. ನಿಮ್ಮ ಕಾಗದಾನೂ ಅವರಿಗೆ ತೋರಿಸಿದ್ವಿ."

ಷಡಾಕ್ಷರಿ ಅಲ್ಲಿಂದಲೇ ಪ್ರಯೋಗಾಲಯಕ್ಕೆ ಓಡಿದ. ಯಂತ್ರವನ್ನು ಕಿತ್ತು ಪದ್ಮಪ್ರಭಾರ ಮುಂದಿಟ್ಟು, "ಅವನು ನಂಬಿ ಹೇಳಿದ್ದು ನನಗೆ ಮೇಡಂ, ಇದಕ್ಕಲ್ಲ" ಎಂದ.

ಅವರು ಯಂತ್ರವನ್ನು ಅಂಗೈಗೆ ತೆಗೆದುಕೊಂಡರು. "ಊರು ಬಿಡೋರು, ಬಡ್ತಿ ಸಿಗೋರು ಅಂತಷ್ಟೇ ಯೋಚಿಸಿದ್ದೆ. ಹೇಗಿದೀರಿ ಅಂದ್ರೆ ಜನ ಮೊದಲು ಹೇಳ್ಕೊಳ್ಳೋದು ತಮ್ಮ ಕಷ್ಟವನ್ನ ಅಂತ ನನಗೆ ಹೊಳೀಲೇ ಇಲ್ಲ" ಎಂದರು.

ಷಡಾಕ್ಷರಿ ಕೆಲಸ ಬಿಡಲಿಲ್ಲ. ಬಿಟ್ಟರೂ ಅದು ಗಿರಿಯಪ್ಪನಿಗೆ ಮರಳಿ ಸಿಗುವಂತಿರಲಿಲ್ಲ. ಅದು ನಿಜ, ಅದನ್ನು ಅವನು ದಿನಕ್ಕೆ ಹತ್ತು ಸಲ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಇಂಥದ್ದು ಊರಿನಲ್ಲಿ ಅದೊಂದೇ ಅಲ್ಲ. ಸಾವಿರಾರು ಕಿವಿಗಳು ಬುಧವಾರ ಬುಧವಾರ ಕುಶಲ ವಿಚಾರಿಸುತ್ತಿದ್ದವು. ವರ್ಷ ತುಂಬುವುದರೊಳಗೆ ಜನ ಪಾಠ ಕಲಿತರು. ಯಾರು ಏನು ಕೇಳಿದರೂ ಒಂದೇ ಉತ್ತರ, "ಚೆನ್ನಾಗಿದ್ದೀನಿ." ಮುನ್ಸೂಚನೆಗಳೆಲ್ಲ ಸುಳ್ಳಾದವು. ಪದ್ಮಪ್ರಭಾ ತಾವೇ ಮುಂದೆ ನಿಂತು ವಾರಪಾಲಕಗಳನ್ನು ಹಿಂದಕ್ಕೆ ಪಡೆದರು. ಯಂತ್ರ ಹೋಯಿತು, ಉತ್ತರ ಉಳಿಯಿತು. ಸರ್ವಮಂಗಳ ಕೂಡ ಸೊಂಟ ಹಿಡಿದುಕೊಂಡು ಏಳುತ್ತ, ಏನಾಯಿತೆಂದರೆ ಏನಿಲ್ಲ ಎನ್ನತೊಡಗಿದಳು.

ಅದಾದ ಮೇಲೊಂದು ದಿನ ಷಡಾಕ್ಷರಿ ಧೈರ್ಯ ಮಾಡಿ ಗಿರಿಯಪ್ಪನ ಮನೆಗೆ ಹೋದ. ಬಾಗಿಲು ತೆಗೆದದ್ದು ಮಗಳು. ಯಾವುದೋ ಅಂಗಡಿಯ ಸಮವಸ್ತ್ರದಲ್ಲಿದ್ದಳು. ಷಡಾಕ್ಷರಿ ಒಳಗೆ ಕೂತಿದ್ದ ಗಿರಿಯಪ್ಪನ ಪಕ್ಕ ಹೋಗಿ ಕೂತ.

"ಗಿರಿ, ನಾನು ಕಣೋ. ಕಿವೀಲಿ ಏನೂ ಇಲ್ಲ, ಬೇಕಾದ್ರೆ ಮುಟ್ಟಿ ನೋಡು."

ಗಿರಿಯಪ್ಪ ನಿಜವಾಗಿಯೂ ಕೈ ಚಾಚಿದ. ಎಡಕಿವಿಯ ಹಿಂದೆ ತಡವಿದ, ಬಲಕಿವಿಯ ಹಿಂದೆಯೂ ತಡವಿದ. ಮತ್ತೆ ಕೈಯನ್ನು ತೊಡೆಯ ಮೇಲಿಟ್ಟುಕೊಂಡ.

"ಹೇಗಿದೀಯೋ?" ಷಡಾಕ್ಷರಿ ಕೇಳಿದ.

"ಚೆನ್ನಾಗಿದ್ದೀನಿ."

"ಮಗಳ ಓದು?"

"ಚೆನ್ನಾಗಿ ನಡೀತಿದೆ."

ಮಗಳು ಕಾಫಿ ತಂದು ಅಪ್ಪನ ಕೈಗೆ ಲೋಟ ಹಿಡಿಸಿದಳು. ಷಡಾಕ್ಷರಿ ತನ್ನದನ್ನು ಗುಟುಕು ಗುಟುಕಾಗಿ, ಆದಷ್ಟು ನಿಧಾನವಾಗಿ ಕುಡಿದ. ಹೇಳಿಕೊಳ್ಳಬೇಕಾದದ್ದು ಒಂದು ವರ್ಷದ್ದಿತ್ತು. ನೀನು ಹೇಗಿದೀಯ ಎಂದು ಗಿರಿಯಪ್ಪ ಒಂದು ಸಲ ಕೇಳಿದ್ದರೆ ಸಾಕಿತ್ತು.

ಗಿರಿಯಪ್ಪ ಕೇಳಲಿಲ್ಲ.