ಸಿಮೆಂಟಿನ ಅಂಗಳಕ್ಕೆ ಕುರಿಗೊಬ್ಬರ

ದಿನಾಂಕ 12 ನವೆಂಬರ್ 2024, ಬೆಳಿಗ್ಗೆ 10.10. ಖಟಕ ಚಿಂಚೋಳಿಯ ಕುರಿಗಾರ ಧೊಂಡಿಬಾ ಭಾಲ್ಕಿ ಠಾಣೆಯಲ್ಲಿ ಇಟ್ಟ ಕೂಗಿಗೆ ಬೀದರ ಕೋಟೆಯ ಪಾರಿವಾಳಗಳೆಲ್ಲ ಹಾರಿ ತೆಲಂಗಾಣ ಸೇರಿದವು.

"ಹನ್ನೊಂದು ಕುರಿ ಸತ್ತಾವ್ರಿ ಮೇಡಮ್ನೋರೆ! ಬಾಯಾಗ ನೊರಿ. ಉಳಿದ ನಲವತ್ತೂ ನೆಲ ಹಿಡದಾವ. ಅವೂ ಹೋದ್ರ ನಾನೂ ಹೋದಂಗ."

ಇನ್‌ಸ್ಪೆಕ್ಟರ್ ಮಹಾಮಾಯಾ ಎಫ್‌ಐಆರ್ ಬರೆಸತೊಡಗಿದರು. ಇವರ ಮೂಗಿನ ಖ್ಯಾತಿಗೆ ನಾಚಿ ಜಿಲ್ಲೆಯ ಪೊಲೀಸ್ ನಾಯಿಗಳು ವರ್ಗಾವಣೆ ಬೇಡಿದ್ದವು.

"ಕುರಿ ಎಲ್ಲಿ ನಿಲ್ಲಿಸಿದ್ದಿ ಕಾಕಾ?"

"ಮನ್ಮಥಪ್ಪ ಸಾವಕಾರನ ಗೋದಾಮಿನ ಅಂಗಳದಾಗ್ರಿ. ಗೊಬ್ಬರಕ್ಕಂತ ಅವನೇ ಕರಸಿದ."

"ಮಣ್ಣಿನ ಅಂಗಳೇನು?"

"ಸಿಮೆಂಟಿಂದ್ರಿ."

ಮಹಾಮಾಯಾ ಎದ್ದೇಬಿಟ್ಟರು. "ಮಜೀದ, ಜೀಪ್ ತಗಿ. ಸಿಮೆಂಟಿಗೆ ಗೊಬ್ಬರ ಹಾಕಿ ಏನು ಬೆಳಿತಾನಂವ?"

"ಪಿಲ್ಲರ್ ಬೆಳಿತಾನ್ರಿ ಮೇಡಮ್," ಎಂದ ಕಾನ್‌ಸ್ಟೆಬಲ್ ಅಬ್ದುಲ ಮಜೀದ.

10.45ಕ್ಕೆ ಪಂಚನಾಮೆ. ಹಿಕ್ಕೆಯ ನಾತದ ಅಡಿಯಲ್ಲಿ ಇನ್ನೊಂದು ನಾತ. ಮೂಲೆಯಲ್ಲಿ ಸೋರುತ್ತಿದ್ದ ಡ್ರಮ್ಮಿನ ಮೇಲೆ 'ಸೋಪಿನ ಎಣ್ಣೆ' ಎಂಬ ಹೊಸ ಚೀಟಿ. ಕೆರೆದರೆ ಕೆಳಗೆ ತಲೆಬುರುಡೆ, ವಿಷದ ಹೆಸರು. ಕುರಿಗಳು ನೆಕ್ಕಿದ್ದು ಇದನ್ನೇ. ಹೆಸರು ಸಿಕ್ಕಿದ್ದೇ ತಡ, ಪಶುವೈದ್ಯರು ಅದಕ್ಕೆ ತಕ್ಕ ಮದ್ದಿನ ಸೂಜಿ ಹಿಡಿದು ಓಡಿದರು.

ಗೋದಾಮಿನ ಮೇಜಿನ ಖಾನೆಯಲ್ಲಿ ಹೊರದೇಶದ ಸರ್ಕಾರದ ಒಂದು ಪತ್ರವೂ ಸಿಕ್ಕಿತು. ಫೋನಿನಲ್ಲಿ ಅದನ್ನು ಓದಿಸಿಕೊಂಡ ಬೀದರದ ಕೃಷಿ ಅಧಿಕಾರಿ ಸುಮನ ಹೇಳಿದರು: "ಇಂಥ ವಿಷ ಹೊರದೇಶಕ್ಕ ಹೋಗಬೇಕಂದ್ರ ಆ ದೇಶ ಹೂಂ ಅನ್ನಬೇಕ್ರಿ. ಇವರು ಬ್ಯಾಡ ಅಂತ ಬರದಾರ."

"ಉಳಿದ ಡ್ರಮ್ ಎಲ್ಲಿ?" ಮಹಾಮಾಯಾ ಗೋದಾಮಿನ ಕಾವಲುಗಾರನತ್ತ ತಿರುಗಿದರು.

"ಲಾರಿ ಹೋಗಿ ಅರ್ಧ ತಾಸಾತ್ರಿ," ಎಂದ ಕಾವಲುಗಾರ. "ತಪಾಸಣಿ ನಾಕಾ ತಪ್ಪಿಸಿ, ಔರಾದ ಸುತ್ತಿ, ಮುಂಬೈ ಬಂದರಕ್ಕ."

ಜೀಪು ಓಡಿದ ಓಟಕ್ಕೆ ಅದರ ನೆರಳು ಸಂಜೆಯ ಬಸ್ಸು ಹಿಡಿದು ಔರಾದ ತಲುಪಬೇಕಾಯಿತು. ಮಧ್ಯಾಹ್ನ 12.20, ಮಹಾರಾಷ್ಟ್ರದ ಗಡಿಗೆ ಮುನ್ನ ಲಾರಿ ಅಡ್ಡಗಟ್ಟಿದರು. ಅರವತ್ತು ಡ್ರಮ್ಮು, ಚಾಲಕನ ಪಕ್ಕದಲ್ಲಿ ಮನ್ಮಥಪ್ಪ.

"ಕುರಿ ಯಾಕ ನಿಲ್ಲಿಸಿದ್ರಿ ಸಾವಕಾರ?"

"ಡ್ರಮ್ ಸೋರಲಿಕ್ಕತ್ತಿತ್ರಿ. ನಾತ ಮುಚ್ಚಲಿ ಅಂತ."

ಬಂಧನ 12.35ಕ್ಕೆ. ನಾಲ್ಕು ಗಂಟೆಗೆ ಧೊಂಡಿಬಾನ ಫೋನು. ಈ ಸಲದ ಕೂಗಿಗೆ ಪಾರಿವಾಳಗಳು ಮರಳಿ ಬಂದವು. "ನಲವತ್ತೂ ಎದ್ದು ನಿಂತಾವ್ರಿ ಮೇಡಮ್ನೋರೆ!" ಠಾಣೆಯಲ್ಲಿ ಜಿಲೇಬಿ ಹಂಚಿದರು.

ಹೇಳಿಕೆಯ ಕೊನೆಯಲ್ಲಿ ಮಹಾಮಾಯಾ ಕೇಳಿದರು: "ಆ ದೇಶದವರು ಬ್ಯಾಡ ಅಂದ ಮ್ಯಾಲೂ ಯಾಕ ಕಳಸಿದ್ರಿ?"

ಮನ್ಮಥಪ್ಪ ನೆಲ ನೋಡಿದ. "ಇಪ್ಪತ್ತು ವರ್ಷ ಗುಜರಿ ಮನ್ಮಥ ಅಂತ ಕರದ್ರು. ಹೋದ ತಿಂಗಳು ಎಕ್ಸ್‌ಪೋರ್ಟರ್ ಅಂತ ಬೋರ್ಡ್ ಬರಸಿದೆ. ಮೊದಲನೇ ಮಾಲೇ ಬ್ಯಾಡ ಅಂದ್ರ, ಆ ಬೋರ್ಡಿನ ಕೆಳಗ ಹ್ಯಾಂಗ ಕೂಡ್ಲಿರಿ?"

ಮಜೀದ ಅದನ್ನೂ ಬರೆದುಕೊಂಡ.